ನೋಡುವವರು ನೂರು, ಬರೆಯುವವರು ಒಬ್ಬರು

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯ ತುಂಬಿತು ಎನ್ನಬೇಕಾದರೆ ನೀರು 2,284 ಅಡಿ ಮುಟ್ಟಬೇಕು. ವಯನಾಡಿನಲ್ಲಿ ಮಳೆ ಹಿಡಿದರೆ ಸಾಕು, ಮಟ್ಟ ಎಷ್ಟಾಯಿತು ಎಂದು ನಂಜನಗೂಡಿನವರೆಗೂ ವಿಚಾರಿಸುತ್ತಾರೆ. ಮಟ್ಟವನ್ನು ಎಷ್ಟು ಜನ ಬೇಕಾದರೂ ನೋಡಬಹುದು. ಗೇಟು ಎತ್ತುವ ಆದೇಶ ಮಾತ್ರ ಒಂದೇ ಕಡೆಯಿಂದ ಬರಬೇಕು. ಕಂಪ್ಯೂಟರಿನ ಫೈಲ್ ಲಾಕ್‌ಗೂ ಇದೇ ಕಟ್ಟಳೆ.

ನೀರಿನ ಮಟ್ಟ, ಒಳಹರಿವು, ಹೊರಹರಿವಿನ ಇಂಥದೊಂದು ಲೆಕ್ಕ ಕಚೇರಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ ಎಲ್ಲರ ಕೈಗೂ ಸಿಗುವ ಎಕ್ಸೆಲ್ ಫೈಲಿನಲ್ಲಿದೆ ಎಂದುಕೊಳ್ಳಿ. ಒಬ್ಬರು ಬರೆಯಲು ತೆರೆದ ಕೂಡಲೇ ಆಪರೇಟಿಂಗ್ ಸಿಸ್ಟಂ ಬೀಗ ಹಾಕುತ್ತದೆ. ಪಕ್ಕದಲ್ಲೇ ಕಣ್ಣಿಗೆ ಕಾಣದ ಇನ್ನೊಂದು ಪುಟ್ಟ ಫೈಲು ಹುಟ್ಟುತ್ತದೆ. ಹೆಸರು ಅದೇ, ಮುಂದೆ ‘~$’ ಗುರುತು. ಒಳಗೆ ತೆರೆದವರ ಹೆಸರು. ಎರಡನೆಯವರು ಬಂದಾಗ ‘ಇಂಥವರು ಬಳಸುತ್ತಿದ್ದಾರೆ’ ಎಂದು ಎಕ್ಸೆಲ್ ಹೇಳುವುದು ಈ ಚೀಟಿ ನೋಡಿಯೇ.

ಮನುಷ್ಯರಾದರೆ ಆ ಎಚ್ಚರಿಕೆ ಓದಿ ನಿಲ್ಲುತ್ತಾರೆ. ಎಕ್ಸೆಲ್ ಕೆಲಸವನ್ನು ತಾನಾಗಿಯೇ ಮಾಡುವ ಮ್ಯಾಕ್ರೋ ನಿಲ್ಲುವುದಿಲ್ಲ. ಕೆಲಸ ಸರಾಗವಾಗಲಿ ಎಂದು ಎಚ್ಚರಿಕೆ ತೋರಿಸುವ ‘ಡಿಸ್‌ಪ್ಲೇಅಲರ್ಟ್ಸ್’ ಆಫ್ ಮಾಡಿಟ್ಟಿದ್ದರಂತೂ ಫೈಲು ಓದಲು ಮಾತ್ರದ ಪ್ರತಿಯಾಗಿ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಮ್ಯಾಕ್ರೋ ಅದರಲ್ಲೇ ಅಂಕಿ ತುಂಬುತ್ತದೆ. ಅಂಕಿ ಪರದೆಯ ಮೇಲೆ ಕಾಣುತ್ತದೆ, ಮೂಲ ಫೈಲಿಗೆ ಇಳಿಯುವುದಿಲ್ಲ. ಉಳಿಸದೆ ಮುಚ್ಚಿದರೆ ತುಂಬಿದ ಅಂಕಿ ಹೋದಂತೆಯೇ. ದೋಷ ತೋರಿಸಿ ನಿಲ್ಲುವ ಮ್ಯಾಕ್ರೋಗಿಂತ ಇದು ಹೆಚ್ಚು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ.

ಮೊದಲು ಬೀಗ ಇದೆಯೇ ಎಂದು ಪರೀಕ್ಷಿಸಿ ಆಮೇಲೆ ತೆರೆದರಾಯಿತು ಎಂದು ಹಲವರು ಮ್ಯಾಕ್ರೋ ಬರೆಯುತ್ತಾರೆ. ಅದು ಸಾಲದು. ಪರೀಕ್ಷೆಗೂ ತೆರೆಯುವುದಕ್ಕೂ ನಡುವಿನ ಕ್ಷಣದಲ್ಲಿ ಇನ್ನೊಬ್ಬರು ಒಳಹೊಕ್ಕಿರಬಹುದು. ಮೊದಲು ತೆರೆಯಬೇಕು, ತೆರೆದ ವರ್ಕ್‌ಬುಕ್ಕಿನ ‘ರೀಡ್‌ಓನ್ಲಿ’ ಗುಣವನ್ನು ನೋಡಬೇಕು. ಅದು ‘ಟ್ರೂ’ ಎಂದರೆ ಏನನ್ನೂ ಬರೆಯದೆ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸಬೇಕು.

ಬರೀ ಅಂಕಿ ಓದಿಕೊಳ್ಳುವ ಮ್ಯಾಕ್ರೋಗೆ ಈ ತಾಪತ್ರಯವೇ ಇಲ್ಲ. ತೆರೆಯುವ ಆಜ್ಞೆಯಲ್ಲೇ ‘ರೀಡ್‌ಓನ್ಲಿ’ಯನ್ನು ‘ಟ್ರೂ’ ಮಾಡಿದರೆ ಬರೆಯುವವರ ಸರದಿಯನ್ನು ಅದು ಕಸಿಯುವುದಿಲ್ಲ. ಆದರೆ ಕೈಗೆ ಸಿಗುವುದು ತೆರೆದ ಹೊತ್ತಿನ ಅಂಕಿ. ಹೊಸದು ಬೇಕಾದರೆ ಮತ್ತೆ ತೆರೆಯಬೇಕು.

ನಿಮ್ಮ ಕಚೇರಿಯ ಅಂಕಿ ಬರೆಯುವ ಮ್ಯಾಕ್ರೋದಲ್ಲಿ ಫೈಲ್ ತೆರೆಯುವ ಸಾಲನ್ನು ಇವತ್ತೇ ಒಮ್ಮೆ ಹುಡುಕಿ ನೋಡಿ. ಅದರ ಕೆಳಗೆ ‘ರೀಡ್‌ಓನ್ಲಿ’ ತಪಾಸಣೆ ಇಲ್ಲದಿದ್ದರೆ ದಯವಿಟ್ಟು ಸೇರಿಸಿ.