ಲಂಡನ್ನಿನಿಂದ ವೆಲಿಂಗ್ಟನ್ನಿಗೆ ಒಂದು ತಂತಿ

1914ರ ಆಗಸ್ಟ್ 6. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿ ಎರಡೇ ದಿನವಾಗಿತ್ತು. ವಸಾಹತು ಸಚಿವ ಲೂಯಿಸ್ ಹಾರ್ಕೋರ್ಟ್ ಅವರಿಂದ ನ್ಯೂಜಿಲೆಂಡಿನ ಗವರ್ನರ್ ಲಾರ್ಡ್ ಲಿವರ್‌ಪೂಲ್ ಅವರಿಗೆ ಒಂದು ತಂತಿ ಹೋಯಿತು. ಜರ್ಮನರ ಕೈಯಲ್ಲಿದ್ದ ಸಮೋವಾದಲ್ಲಿ ಒಂದು ನಿಸ್ತಂತು ಕೇಂದ್ರವಿತ್ತು. ಅದನ್ನು ಹಿಡಿಯಬೇಕಿತ್ತು. ಸೇನಾಧಿಕಾರಿಯಾದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ. ತಂತಿಯ ಧಾಟಿ ಬೇರೆ: ನಿಮ್ಮ ಮಂತ್ರಿಗಳಿಗೆ ಇಷ್ಟವಿದ್ದರೆ, ತಮ್ಮಿಂದ ಆಗುತ್ತದೆಂದು ಅವರಿಗೆ ತೋರಿದರೆ, ಆ ಕೇಂದ್ರವನ್ನು ವಶಪಡಿಸಿಕೊಳ್ಳುವುದು ಸಾಮ್ರಾಜ್ಯಕ್ಕೆ ಸಲ್ಲಿಸುವ ದೊಡ್ಡ, ತುರ್ತಿನ ಸೇವೆ ಎಂದು ನಾವು ತಿಳಿಯುತ್ತೇವೆ.

ಯುದ್ಧದ ಗಡಿಬಿಡಿಯಲ್ಲಿ ಇಷ್ಟು ನಯ ಯಾಕೆ? ನ್ಯೂಜಿಲೆಂಡ್ 1907ರಿಂದ ಡೊಮಿನಿಯನ್. ಸ್ವಂತ ಸಂಸತ್ತು, ಸ್ವಂತ ಖಜಾನೆ, ಸ್ವಂತ ಪಡೆ. ಆ ಪಡೆಯನ್ನು ಹೊರಡಿಸಬೇಕಾದವರು ಅಲ್ಲಿನ ಮಂತ್ರಿಗಳು. ಹಾಗೆಂದು ಅದು ಪರದೇಶವೂ ಅಲ್ಲ, ರಾಜ ಇಬ್ಬರಿಗೂ ಒಬ್ಬನೇ. ಅಪ್ಪಣೆ ಕೊಡುವಂತಿಲ್ಲ, ಅಂಗಲಾಚುವಂತೆಯೂ ಇಲ್ಲ. ಬೀಗರ ಹತ್ತಿರ ಕೆಲಸ ಹೇಳುವ ಹದ ಅದು.

ತಂತಿಗೆ ಪದಕ್ಕಿಷ್ಟು ಎಂದು ದರ. ಆದರೂ ‘ಇಷ್ಟವಿದ್ದರೆ’ ಎಂಬ ಮಾತಿಗೆ ಯಾರೂ ಕತ್ತರಿ ಹಾಕಲಿಲ್ಲ. ಆ ಕರಡು ಬರೆದವನ ಕಸುಬುದಾರಿಕೆ ನನಗೆ ಕಾಣುವುದು ಇಲ್ಲೇ. ಮುಂದಿನ ಮಾತು ನೋಡಿ: ಹೀಗೆ ವಶವಾದ ನೆಲ ಯುದ್ಧ ಮುಗಿದ ಮೇಲಿನ ಅಂತಿಮ ಇತ್ಯರ್ಥಕ್ಕಾಗಿ ಸಾಮ್ರಾಜ್ಯ ಸರ್ಕಾರದ ಅಧೀನದಲ್ಲಿರಬೇಕು ಎಂಬುದು ನಿಮಗೆ ತಿಳಿದೇ ಇದೆ. ಇಲ್ಲಿ ‘ಇಷ್ಟವಿದ್ದರೆ’ ಇಲ್ಲ! ಕೆಲಸ ಹಿಡಿಯುವುದು ಬಿಡುವುದು ಅವರಿಗೆ, ಫಲ ಹಂಚುವುದು ಮಾತ್ರ ಲಂಡನ್ನಿಗೆ. ಮರುದಿನವೇ ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ ಒಪ್ಪಿತು. ಆಗಸ್ಟ್ 29ರಂದು ಅದರ ಪಡೆ ಪ್ರತಿರೋಧವಿಲ್ಲದೆ ಸಮೋವಾದ ಆಪಿಯಾದಲ್ಲಿ ಇಳಿಯಿತು.

ಪತ್ರ ಯಾರಿಂದ ಯಾರಿಗೆ ಎಂಬುದೂ ಈ ಕರಡು ಬರೆಯುವ ಕಲೆಯ ಭಾಗವೇ. ಸಚಿವರು ಬರೆಯುತ್ತಿದ್ದುದು ಗವರ್ನರಿಗೆ. ಅವರು ಅದನ್ನು ಮಂತ್ರಿಗಳ ಮುಂದಿಡಬೇಕಿತ್ತು. ಉತ್ತರವೂ ಅವರ ಹೆಸರಿನಲ್ಲೇ, ‘ನನ್ನ ಮಂತ್ರಿಗಳ ಅಭಿಪ್ರಾಯ ಹೀಗಿದೆ’ ಎಂದು ಹೋಗುತ್ತಿತ್ತು. ಲಂಡನ್ನಿಗೆ ಬಂದ ಕಾಗದ ಮೊದಲು ದಾಖಲಾಗಬೇಕಿತ್ತು. ಕಿರಿಯ ಅಧಿಕಾರಿ ಅದಕ್ಕೆ ಟಿಪ್ಪಣಿ ಬರೆಯುತ್ತಿದ್ದ, ಮೇಲಿನವರು ಒಬ್ಬರ ಮೇಲೊಬ್ಬರು ಶೆರಾ ಹಾಕುತ್ತಿದ್ದರು, ಆಮೇಲೆ ಕರಡು. ನಮ್ಮ ವಿಧಾನಸೌಧದ ಕಡತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಡೊಮಿನಿಯನ್ ಆದ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಇಂಥ ಅಚ್ಚುಕಟ್ಟು ಇರಲಿಲ್ಲ. ಒಂದೊಂದು ಇಲಾಖೆ ತನ್ನ ಪಾಡಿಗೆ ಉತ್ತರ ಬರೆಯುತ್ತಿತ್ತು, ಒಂದೇ ವಿಷಯದ ಕಾಗದಗಳು ನಾಲ್ಕು ಕಡೆ ಚೆದುರಿರುತ್ತಿದ್ದವು. ಜೋಸೆಫ್ ಪೋಪ್ ಎಂಬ ಹಿರಿಯ ಅಧಿಕಾರಿ 1907ರಲ್ಲಿ ಈ ಅಧ್ವಾನವನ್ನು ಬರೆದು ತೋರಿಸಿದರು. 1909ರಲ್ಲಿ ಕೆನಡಾದ ವಿದೇಶಾಂಗ ಇಲಾಖೆ ಹುಟ್ಟಿತು, ಒಂದು ಕ್ಷೌರದಂಗಡಿಯ ಮೇಲಿನ ಮಹಡಿಯಲ್ಲಿ. ಪೋಪ್ ಅದರ ಮೊದಲ ಆಡಳಿತ ಮುಖ್ಯಸ್ಥ.

ಹದ ತಪ್ಪಿದ ಪ್ರಸಂಗವೂ ಇದೆ. 1922ರ ಸೆಪ್ಟೆಂಬರಿನಲ್ಲಿ ಟರ್ಕಿಯ ಚನಾಕ್‌ನಲ್ಲಿ ಬಿಕ್ಕಟ್ಟು ಎದ್ದಾಗ, ಪಡೆ ಕಳಿಸುವಿರಾ ಎಂದು ಲಂಡನ್ ಡೊಮಿನಿಯನ್‌ಗಳಿಗೆ ಸಂಕೇತಲಿಪಿಯ ತಂತಿ ಕಳಿಸಿತು. ಬೆನ್ನಿಗೇ ಪತ್ರಿಕೆಗಳಿಗೂ ಹೇಳಿಕೆ ಕೊಟ್ಟುಬಿಟ್ಟಿತು. ಕೆನಡಾದ ಪ್ರಧಾನಿ ಮೆಕೆಂಜಿ ಕಿಂಗ್ ತಮ್ಮ ಕ್ಷೇತ್ರದಲ್ಲಿದ್ದರು. ಕೇಳಿಕೆಯ ಸುದ್ದಿ ಅವರಿಗೆ ಮೊದಲು ಮುಟ್ಟಿದ್ದು ಪತ್ರಿಕೆಯೊಂದರ ವರದಿಗಾರನ ಬಾಯಿಂದ! ತಂತಿಯ ಮಾತಿನಲ್ಲಿ ಒರಟುತನವಿರಲಿಲ್ಲ. ಆದರೆ ಊರಿಗೆಲ್ಲ ಡಂಗುರ ಹೊಡೆದ ಮೇಲೆ ಕೇಳಿದರೆ ಅದು ಕೇಳಿದ ಹಾಗಲ್ಲ, ದಾಕ್ಷಿಣ್ಯಕ್ಕೆ ಸಿಕ್ಕಿಸಿದ ಹಾಗೆ. ಪಡೆಯ ಮಾತನ್ನು ಸಂಸತ್ತು ತೀರ್ಮಾನಿಸುತ್ತದೆ ಎಂದು ಕಿಂಗ್ ಉತ್ತರಿಸಿದರು. ಪಡೆ ಹೋಗಲಿಲ್ಲ.

1926ರ ಸಾಮ್ರಾಜ್ಯ ಸಮ್ಮೇಳನದಲ್ಲಿ ಡೊಮಿನಿಯನ್‌ಗಳ ಗವರ್ನರ್ ಜನರಲ್ ಇನ್ನು ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಲ್ಲ ಎಂದು ತೀರ್ಮಾನವಾಯಿತು. 1927ರ ಜುಲೈ 1ರಿಂದ ಕೆನಡಾದ ಮಟ್ಟಿಗೆ ಪತ್ರವ್ಯವಹಾರ ಸರ್ಕಾರದಿಂದ ಸರ್ಕಾರಕ್ಕೆ ನೇರವಾಯಿತು. ತನ್ನ ಇಂಥ ಕಾಗದಗಳನ್ನು ಕೆನಡಾ ಸರ್ಕಾರ ಸಂಪುಟಗಳಾಗಿ ಅಚ್ಚು ಹಾಕಿಸಿದೆ. ಮೊದಲ ಸಂಪುಟ 1909ರಿಂದ ಶುರು. ಕಚೇರಿಯಲ್ಲಿ ಕರಡು ಬರೆಯುವ ಕೆಲಸದವರು ಅದನ್ನೊಮ್ಮೆ ತಿರುವಿ ಹಾಕಲಿ.