ಸರೋವರದ ಗಸಿ, ಭಾಷೆಯ ಕವಲು: ಬೇಸಿಯನ್ ಕಾಲನಿರ್ಣಯವನ್ನು ಓದುವ ಬಗೆ

ಭಾಷಾಕುಟುಂಬವೊಂದು ಕವಲೊಡೆದ ಕಾಲವನ್ನು ಪ್ರಾಚೀನ ಬರಗಾಲದೊಡನೆ ಜೋಡಿಸುವ ವಾದಗಳು ಐತಿಹಾಸಿಕ ಭಾಷಾವಿಜ್ಞಾನದಲ್ಲಿ ಅಪರೂಪವಲ್ಲ. ಬರಗಾಲದ ಸಾಕ್ಷ್ಯವು ಹಲವು ವೇಳೆ ಸರೋವರದ ತಳದಿಂದ ತೆಗೆದ ಗಸಿಯ ಸ್ತಂಭದಿಂದ ಬಂದಿರುತ್ತದೆ. ಆ ಸ್ತಂಭದ ಆಳವು ವರ್ಷಗಳಾಗಿ ಮಾರ್ಪಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಸ್ತಂಭದ ಕೆಲವೇ ಆಳಗಳಲ್ಲಿ ರೇಡಿಯೋಕಾರ್ಬನ್ ಮಾಪನ ಸಾಧ್ಯ. ಮಾಪನದಿಂದ ದೊರೆಯುವ ಸಂಖ್ಯೆ ಪಂಚಾಂಗದ ವರ್ಷವಲ್ಲ; ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಏರಿಳಿದಿರುವುದರಿಂದ ಅದನ್ನು 2020ರ ಇಂಟ್‌ಕ್ಯಾಲ್20ರಂಥ ವಕ್ರರೇಖೆಯೊಡನೆ ಹೋಲಿಸಬೇಕು. ಕ್ರಿ.ಪೂ. 800ರಿಂದ 400ರವರೆಗೆ ಈ ರೇಖೆ ಬಹುಮಟ್ಟಿಗೆ ಸಮತಟ್ಟಾಗಿದೆ. ಆದ್ದರಿಂದ ಅಲ್ಲಿ ಎಷ್ಟೇ ನಿಖರವಾದ ಒಂಟಿ ಮಾಪನವೂ ಶತಮಾನಗಳಷ್ಟು ಹರಡಿಕೊಳ್ಳುತ್ತದೆ.

ಬೇಸಿಯನ್ ವಿಧಾನವು ಇದಕ್ಕೆ ಎರಡು ಪೂರ್ವಜ್ಞಾನಗಳನ್ನು ಸೇರಿಸುತ್ತದೆ: ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು, ಗಸಿ ಶೇಖರವಾಗುವ ವೇಗಕ್ಕೆ ಸಂಭಾವ್ಯ ಮಿತಿಗಳಿವೆ. ಬ್ಲಾವ್ ಮತ್ತು ಕ್ರಿಸ್ಟೆನ್ 2011ರಲ್ಲಿ ಪ್ರಕಟಿಸಿದ 'ಬೇಕನ್' ಮಾದರಿಯು ಸ್ತಂಭವನ್ನು ಸಮಾನ ಖಂಡಗಳಾಗಿ ವಿಭಜಿಸಿ, ಪ್ರತಿ ಖಂಡದ ವೇಗವು ಪಕ್ಕದ ಖಂಡದ ವೇಗವನ್ನು ಭಾಗಶಃ ಅವಲಂಬಿಸಿದೆಯೆಂದು ಭಾವಿಸುತ್ತದೆ. ಸಹಸ್ರಾರು ಸಂಭಾವ್ಯ ವಯೋರೇಖೆಗಳನ್ನು ಗಣಿಸಿದ ಬಳಿಕ ಪ್ರತಿ ಆಳಕ್ಕೂ ಒಂದು ಅಂತರ ದೊರೆಯುತ್ತದೆ. ಮಾಪನಗಳಿರುವಲ್ಲಿ ಅದು ಸಾಮಾನ್ಯವಾಗಿ ಕಿರಿದು, ಅವುಗಳ ನಡುವೆ ಅಗಲ. ಬರಗಾಲದ ಪದರ ಮಾಪನಗಳ ನಡುವೆ ಬಿದ್ದಿದ್ದರೆ ಅದರ ವಯಸ್ಸನ್ನು ಬಹುಪಾಲು ನಿರ್ಧರಿಸುವುದು ಪೂರ್ವಜ್ಞಾನವೇ. ಸುಣ್ಣದ ಕಲ್ಲಿನಿಂದ ಕರಗಿಬಂದ ಹಳೆಯ ಕಾರ್ಬನ್ ಚಿಪ್ಪುಗಳ ವಯಸ್ಸನ್ನು ಹೆಚ್ಚಿಸಿ ತೋರಿಸಬಲ್ಲದು. ತಕ್ಕ ತಿದ್ದುಪಡಿಯಿಲ್ಲದೆ ಮಾದರಿ ಈ ದೋಷವನ್ನು ನಿವಾರಿಸಲಾರದು.

ಭಾಷಾವೃಕ್ಷಗಳ ಬೇಸಿಯನ್ ಕಾಲನಿರ್ಣಯದ ತರ್ಕವೂ ಇದೇ. ಶೇಖರಣೆಯ ವೇಗದ ಸ್ಥಾನದಲ್ಲಿ ಪದಪಲ್ಲಟದ ವೇಗ, ರೇಡಿಯೋಕಾರ್ಬನ್ ಮಾಪನದ ಸ್ಥಾನದಲ್ಲಿ ಶಾಸನ ಮತ್ತು ಸಾಹಿತ್ಯದ ಕಾಲ ನಿಲ್ಲುತ್ತವೆ. ಆದರೆ ಗಸಿಯ ಪದರಕ್ರಮ ಕಣ್ಣಿಗೆ ಕಾಣುವಂಥದು. ವೃಕ್ಷದ ಕವಲುಕ್ರಮವನ್ನೇ ಊಹಿಸಬೇಕಾಗುತ್ತದೆ. ಆದ್ದರಿಂದ ಇಲ್ಲಿ ಅನಿಶ್ಚಿತತೆ ಹೆಚ್ಚು.

2018ರಲ್ಲಿ ಕೊಲಿಪಾಕಂ ಮತ್ತು ಸಂಗಡಿಗರು 20 ದ್ರಾವಿಡ ಭಾಷೆಗಳ ಪದಸಾಮಗ್ರಿಯಿಂದ ಆ ಕುಟುಂಬದ ವಯಸ್ಸು ಸುಮಾರು 4500 ವರ್ಷವೆಂದು ಅಂದಾಜಿಸಿದರು. ಅಂತರವು ಸುಮಾರು 3000ದಿಂದ 6500 ವರ್ಷ. ಇದನ್ನು ಸುಮಾರು 4200 ವರ್ಷಗಳ ಹಿಂದಿನ ಶುಷ್ಕಘಟ್ಟದೊಡನೆ ಹೊಂದಿಸುವುದು ಸುಲಭ. ಆದರೆ 3500 ವರ್ಷಗಳಷ್ಟು ಅಗಲದ ಅಂತರದೊಳಗೆ ಅನೇಕ ಘಟನೆಗಳು ಬೀಳುತ್ತವೆ. ಎರಡು ಅಂತರಗಳು ಒಂದರ ಮೇಲೊಂದು ಬಿದ್ದ ಮಾತ್ರಕ್ಕೆ ಸಮಕಾಲೀನತೆ ಸಿದ್ಧವಾಗದು. ಕಾರ್ಯಕಾರಣ ಸಂಬಂಧವಂತೂ ದೂರದ ಮಾತು. ವೃಕ್ಷಕ್ಕೆ ಪುರಾತತ್ತ್ವದ ಕಾಲವನ್ನೇ ಆಧಾರವಾಗಿ ಕೊಟ್ಟು, ಫಲಿತಾಂಶ ಅದೇ ಪುರಾತತ್ತ್ವಕ್ಕೆ ಹೊಂದಿತೆಂದರೆ ಅದು ಚಕ್ರಕ ದೋಷ.

ಆದಕಾರಣ ಸಂಶೋಧಕರು ಮಧ್ಯಬಿಂದುವಿನ ಬದಲು ಪೂರ್ಣ ಅಂತರವನ್ನೇ ಉಲ್ಲೇಖಿಸಬೇಕು. ಮೂಲ ಮಾಪನ, ಬಳಸಿದ ವಕ್ರರೇಖೆ, ಪೂರ್ವಜ್ಞಾನ ಇವು ಮೂರನ್ನೂ ಪರಿಶೀಲಿಸಬೇಕು. ಪೂರ್ವಜ್ಞಾನವನ್ನು ಬದಲಿಸಿದಾಗಲೂ ಉಳಿಯುವ ಹೊಂದಾಣಿಕೆಯೇ ಚರ್ಚೆಗೆ ಅರ್ಹ.