ಶತ್ರುವಿನ ಮೈಯಲ್ಲಿ ಮಿತ್ರನ ತೊಟ್ಟಿಲು

ಬೆಳೆಯ ಪೀಡೆಯನ್ನು ಅದರ ಸಹಜ ಶತ್ರುವಿನಿಂದಲೇ ಹತ್ತಿಕ್ಕುವ ಕ್ರಮಕ್ಕೆ ಜೈವಿಕ ನಿಯಂತ್ರಣ ಎಂದು ಹೆಸರು. ಹಣ್ಣು ನೊಣಗಳ ವಿರುದ್ಧ ಈ ಕೆಲಸಕ್ಕೆ ಹಲವು ದೇಶಗಳು ನೆಚ್ಚಿಕೊಂಡಿರುವುದು ಆಗ್ನೇಯ ಏಷ್ಯಾ ಮೂಲದ ಡಯಾಕಾಸ್ಮಿಮಾರ್ಫಾ ಲಾಂಜಿಕಾಡೇಟಾ ಎಂಬ ಪುಟ್ಟ ಕಣಜವನ್ನು. ಲಾಂಜಿಕಾಡೇಟಾ ಎಂದರೆ ಲ್ಯಾಟಿನ್‌ನಲ್ಲಿ ಉದ್ದ ಬಾಲದ್ದು. ಬಾಲದಂತೆ ಕಾಣುವುದು ವಾಸ್ತವವಾಗಿ ಹೆಣ್ಣಿನ ಮೈಗಿಂತಲೂ ಉದ್ದವಾದ, ಮೊಟ್ಟೆಯಿಡುವ ನಾಳ. ಹಣ್ಣು ನೊಣ ಸಿಪ್ಪೆಯನ್ನು ಚುಚ್ಚಿ ಇಟ್ಟ ಮೊಟ್ಟೆಗಳು ಒಡೆದು ತಿರುಳಿನಲ್ಲಿ ಮರಿಹುಳುಗಳು ಬೆಳೆಯುತ್ತಿರುವಾಗ, ಕೊಳೆಯುವ ಹಣ್ಣಿನ ವಾಸನೆ ಹಿಡಿದು ಬರುವ ಈ ಕಣಜ, ಒಳಗಿನ ಹುಳುವಿನ ಅಲುಗಾಟವನ್ನು ಹೊರಗಿನಿಂದಲೇ ಗ್ರಹಿಸಿ, ನಾಳವನ್ನು ತೂರಿಸಿ ಹುಳುವಿನ ಮೈಯೊಳಗೇ ಮೊಟ್ಟೆಯಿಡುತ್ತದೆ. ಹುಳು ಆಗಲೇ ಸಾಯುವುದಿಲ್ಲ. ಅದು ಬೆಳೆದು ಹಣ್ಣಿನಿಂದ ಹೊರಬಿದ್ದು ಮಣ್ಣು ಸೇರಿ ಕೋಶವಾಗುತ್ತದೆ, ಆದರೆ ಆ ಕೋಶವನ್ನು ಒಡೆದು ಹೊರಬರುವುದು ನೊಣವಲ್ಲ, ಕಣಜ.

ತೋಟಗಳಿಗೆ ಬಿಡಲು ಇಂಥ ಕಣಜಗಳನ್ನು ಲಕ್ಷಗಟ್ಟಲೆ ಸಾಕಬೇಕೆಂದರೆ ಅವುಗಳಿಗೆ ಆಹಾರವಾಗುವ ಹಣ್ಣು ನೊಣದ ಹುಳುಗಳನ್ನೂ ಲಕ್ಷಗಟ್ಟಲೆ ಸಾಕಲೇಬೇಕಾಗುತ್ತದೆ, ಅಂದರೆ ಮಿತ್ರನ ಕಾರ್ಖಾನೆ ಶತ್ರುವಿನ ಕಾರ್ಖಾನೆಯೂ ಆಗಿರುತ್ತದೆ. ಒಂದು ತಟ್ಟೆ ಹುಳುಗಳನ್ನು ಪಂಜರದಲ್ಲಿಟ್ಟಾಗ ಕಣಜ ಎಲ್ಲವನ್ನೂ ಚುಚ್ಚುವುದಿಲ್ಲ. ಉಳಿದುಕೊಂಡವು ನೊಣಗಳಾಗುತ್ತವೆ, ಅದೂ ಕಣಜಗಳಿಗಿಂತ ಕೆಲವು ದಿನ ಮೊದಲೇ. ಹೀಗಾಗಿ ನೊಣಗಳೆಲ್ಲ ಹೊರಬರುವವರೆಗೆ ಕೋಶಗಳನ್ನು ತಡೆದಿಟ್ಟು, ನೊಣಗಳನ್ನು ಬೇರ್ಪಡಿಸಿ ಕೊಂದು, ಆಮೇಲೆ ಉಳಿದ ಕೋಶಗಳನ್ನು ತೋಟಕ್ಕೆ ಕಳಿಸಬೇಕಾಗುತ್ತಿತ್ತು. ಅದಕ್ಕೆ ಜಾಗ, ಆಳು, ದಿನಗಳು ಬೇಕು. ನಾಲ್ಕು ನೊಣ ತಪ್ಪಿಸಿಕೊಂಡರೆ ಬೆಳೆಗಾರನಿಗೆ ಪೀಡೆಯನ್ನೇ ಉಡುಗೊರೆ ಕೊಟ್ಟಂತೆ.

ವಿಕಿರಣ ಈ ಗಂಟನ್ನು ಬಿಡಿಸುತ್ತದೆ. ಗ್ವಾಟೆಮಾಲಾ ಗಡಿಯ ಬಳಿ, ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಮೆಟಾಪಾ ಎಂಬ ಊರು ಇದಕ್ಕೆ ಒಳ್ಳೆಯ ಉದಾಹರಣೆ. ವಿಕಿರಣದಿಂದ ಬಂಜೆಯಾಗಿಸಿದ ನೊಣಗಳನ್ನು ಬಿಟ್ಟು ಮೆಡಿಟರೇನಿಯನ್ ಹಣ್ಣು ನೊಣವನ್ನು 1982ರಲ್ಲಿ ಮೆಕ್ಸಿಕೋದಿಂದ ತೊಲಗಿಸಿದ ಕಾರ್ಯಕ್ರಮದ ನೆಲೆ ಅದು. ಅಲ್ಲಿ ಮೆಕ್ಸಿಕನ್ ಹಣ್ಣು ನೊಣದ ಬಲಿತ ಹುಳುಗಳಿಗೆ ಸುಮಾರು 40 ಗ್ರೇ ವಿಕಿರಣ ಕೊಟ್ಟು, ತೆಳುಬಟ್ಟೆ ಬಿಗಿದ ತಟ್ಟೆಗಳಲ್ಲಿ ಕಣಜಗಳಿಗೆ ಒಡ್ಡುತ್ತಾರೆ. ಬಟ್ಟೆಯ ಮೇಲೆ ಕೂತ ಹೆಣ್ಣು ಕಣಜ ಅದನ್ನೇ ಹಣ್ಣಿನ ಸಿಪ್ಪೆಯೆಂಬಂತೆ ಭಾವಿಸಿ ನಾಳ ಇಳಿಸುತ್ತದೆ. ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ. ಅಮೆರಿಕಕ್ಕೆ ರಫ್ತಾಗುವ ಭಾರತದ ಮಾವಿಗೆ ಕೊಡುವುದು ಕನಿಷ್ಠ 400 ಗ್ರೇ. ಅದಕ್ಕೆ ಹೋಲಿಸಿದರೆ 40 ಎಂಬುದು ಸೌಮ್ಯ ಪ್ರಮಾಣವೇ.

ಆ ಸೌಮ್ಯತೆಯಲ್ಲೇ ಜಾಣತನವಿದೆ. ವಿಕಿರಣ ಹೆಚ್ಚು ಹಾನಿ ಮಾಡುವುದು ವಿಭಜನೆಯಾಗುತ್ತಿರುವ ಜೀವಕೋಶಗಳಿಗೆ. ಹುಳುವಿನ ಮೈಯಲ್ಲಿ ಮುಂದೆ ರೆಕ್ಕೆ, ಕಾಲು, ಕಣ್ಣುಗಳಾಗಬೇಕಾದ ಎಳೆಯ ಅಂಗಾಂಶದ ತುಣುಕುಗಳು ಅಂಥವು, ಆದ್ದರಿಂದ ಅವು ಕೆಡುತ್ತವೆ. ಕೊಬ್ಬು ಕೂಡಿಸಿಟ್ಟ ಬಲಿತ ಅಂಗಾಂಶ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹುಳು ಕೋಶವಾಗುತ್ತದೆ, ನೊಣವಾಗಲಾರದು, ಆದರೆ ಕಣಜದ ಮರಿಗೆ ಬೇಕಾದ ಬುತ್ತಿ ಮಾತ್ರ ಕೆಡುವುದಿಲ್ಲ. ಇದಲ್ಲದೆ, ಒಳಹೊಕ್ಕ ಪರಕೀಯ ಮೊಟ್ಟೆಯನ್ನು ಸುತ್ತುವರಿದು ಉಸಿರುಕಟ್ಟಿಸುವ ರಕ್ತಕಣಗಳು ಕೀಟಗಳಲ್ಲೂ ಇವೆ. ವಿಕಿರಣ ಆ ಕಾವಲನ್ನೂ ಸಡಿಲಿಸಬಲ್ಲದು. ಗಾಮಾ ಕಿರಣಕ್ಕೆ ಒಳಗಾದ ಹುಳು ತಾನೇ ವಿಕಿರಣಶೀಲವಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಆ ಅಂಜಿಕೆ ಸಾಮಾನ್ಯ. ಗಾಮಾ ಕಿರಣದ ಮೂಲವಾದ ಕೋಬಾಲ್ಟ್-60ರ ಶಕ್ತಿ ಸುಮಾರು 5.3 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ಮತ್ತು ಅದರ ಸಾಗಾಟಕ್ಕೆ ಬಿಗಿಯಾದ ಭದ್ರತೆ ಬೇಕಾಗಿರುವುದರಿಂದ, ಸ್ವಿಚ್ ಆರಿಸಿದರೆ ಸುಮ್ಮನಾಗುವ ಎಕ್ಸ್-ರೇ ಯಂತ್ರಗಳತ್ತ ಈಗ ಒಲವು ಹೆಚ್ಚುತ್ತಿದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಯಾವ ಕೋಶದಲ್ಲಿ ಕಣಜವಿದೆ, ಯಾವುದು ಬರಿದೇ ಸತ್ತದ್ದು? ಕೆಲವೇ ಮಿಲಿಮೀಟರ್ ಉದ್ದದ, ಮೈಮೇಲೆ ಉಂಗುರಗೆರೆಗಳಿರುವ ಕಂದು ಗುಳಿಗೆಗಳಂತಿರುವ ಇವು ಹೊರನೋಟಕ್ಕೆ ಎಲ್ಲವೂ ಒಂದೇ. ಮಾದರಿಗೆಂದು ಕೆಲವನ್ನು ಸೂಕ್ಷ್ಮದರ್ಶಕದಡಿ ಸೀಳಿ ಲೆಕ್ಕ ಹಾಕುವುದು ರೂಢಿ, ಆದರೆ ಸೀಳಿದ ಕೋಶ ಮತ್ತೆ ತೋಟಕ್ಕೆ ಹೋಗದು. ಬರಿಗಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು ಸಹಾಯಕ್ಕೆ ಬರುವುದು ಇಲ್ಲಿ. ಕಂದು ಕವಚವನ್ನು ಸ್ವಲ್ಪಮಟ್ಟಿಗೆ ದಾಟಬಲ್ಲ ಈ ಬೆಳಕಿನಲ್ಲಿ ಕ್ಯಾಮೆರಾಕ್ಕೆ ಒಳಗಿನ ಛಾಯೆ ಸಿಗುತ್ತದೆ, ಆ ಛಾಯೆಯ ವ್ಯತ್ಯಾಸ ನೋಡಿ ಕಂಪ್ಯೂಟರ್ ತೀರ್ಪು ಕೊಡುತ್ತದೆ. ವಿಯೆನ್ನಾ ಸಮೀಪದ ಸೈಬರ್ಸ್‌ಡಾರ್ಫ್‌ನಲ್ಲಿರುವ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪ್ರಯೋಗಾಲಯದಲ್ಲಿ ನಿದ್ರಾರೋಗ ಹರಡುವ ತ್ಸೆತ್ಸೆ ನೊಣದ ಕೋಶಗಳನ್ನು ಇದೇ ತತ್ತ್ವದ ಮೇಲೆ ಗಂಡು, ಹೆಣ್ಣು ಎಂದು ಬೇರ್ಪಡಿಸುವ ಯಂತ್ರ ರೂಪುಗೊಂಡಿದೆ. ಹೆಣ್ಣು ಗಂಡಿಗಿಂತ ಒಂದೆರಡು ದಿನ ಮೊದಲೇ ಬಲಿಯುವುದರಿಂದ ಅದರ ಕಪ್ಪಾದ ರೆಕ್ಕೆಗಳು ಕವಚದೊಳಗಿಂದಲೇ ಕ್ಯಾಮೆರಾಕ್ಕೆ ಗೋಚರಿಸುತ್ತವೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೀಜವನ್ನು ಕ್ಯೂರಿಂಗ್ ಕೇಂದ್ರಗಳಲ್ಲಿ ಬಣ್ಣ ನೋಡಿ ಆರಿಸುವ ಯಂತ್ರ ಕೆಟ್ಟ ಬೀಜವನ್ನು ಗಾಳಿಯ ಚಿಮ್ಮಿನಿಂದ ಪಕ್ಕಕ್ಕೆ ತಳ್ಳುವುದನ್ನು ಕಂಡವರಿಗೆ ಈ ವಿಧಾನ ಅಪರಿಚಿತವೆನಿಸದು. ಕಣಜದ ಕೋಶಗಳ ವಿಷಯದಲ್ಲಿ ತತ್ತ್ವಕ್ಕಿಂತ ವೇಗ ಮತ್ತು ಬೆಲೆಯೇ ನಿಜವಾದ ಪರೀಕ್ಷೆ, ಏಕೆಂದರೆ ಕಾರ್ಖಾನೆಯೊಂದರಲ್ಲಿ ದಿನಕ್ಕೆ ಆರಿಸಬೇಕಾದದ್ದು ಸಾವಿರಗಳಲ್ಲಿ ಮುಗಿಯುವ ಸಂಖ್ಯೆಯಲ್ಲ.

ವಿಕಿರಣವಾಗಲಿ ಕ್ಯಾಮೆರಾವಾಗಲಿ ಬದಲಿಸಲಾಗದ ಮಿತಿಯೊಂದಿದೆ, ಅದು ಆ ನಾಳದ ಉದ್ದ. ಸೀಬೆಯಂಥ ಸಣ್ಣ ಹಣ್ಣಿನ ಹುಳು ಕಣಜಕ್ಕೆ ಸುಲಭವಾಗಿ ಎಟುಕುತ್ತದೆ. ದೊಡ್ಡ ಕಸಿಮಾವಿನ ದಪ್ಪ ತಿರುಳಿನ ಆಳಕ್ಕಿಳಿದು, ಓಟೆಯ ಬಳಿ ಹುಳು ಮೇಯುತ್ತಿದ್ದರೆ, ಸಿಪ್ಪೆಯ ಮೇಲೆ ಕೂತ ಕಣಜ ಎಷ್ಟೇ ಚುಚ್ಚಿದರೂ ನಾಳದ ತುದಿ ಅಲ್ಲಿಗೆ ಮುಟ್ಟುವುದಿಲ್ಲ.